ಒಂದು ಮತ್ತು ಒಬ್ಬಳು

ಅಂಗಡಿಯ ಕಪಾಟುಗಳ ನಡುವೆ ಒಬ್ಬ ಹುಡುಗಿ ಸಾಮಾನು ನೋಡುತ್ತ ನಿಂತಿದ್ದಾಳೆ. ಅವಳ ಬೆನ್ನ ಹಿಂದೆ ನಾಲ್ವರು ಯುವಕರು. ನಾವು ನಾಲ್ಕು, ಇಲ್ಲಿರೋದು ಒಂದೇ, ಶಾಟ್ ಯಾರು ಹೊಡೆಯೋದು ಎಂಬ ಅರ್ಥದ ಹಿಂದಿ ಮಾತು ಅವಳ ಕಿವಿಗೆ ಬೀಳುತ್ತದೆ. ಹುಡುಗಿ ಗಕ್ಕನೆ ತಿರುಗುತ್ತಾಳೆ. ಮುಖದಲ್ಲಿ ಭಯ, ಸಿಟ್ಟು. ಮರುಕ್ಷಣ ಅವಳಿಗೂ ನಮಗೂ ವಿಷಯ ತಿಳಿಯುತ್ತದೆ. ಅವರು ಮಾತಾಡುತ್ತಿದ್ದುದು ಕಪಾಟಿನಲ್ಲಿ ಉಳಿದಿರುವ ಕೊನೆಯ ಬಾಟಲಿಯ ಬಗ್ಗೆ. ಹುಡುಗಿಯ ಮುಖ ಸಡಿಲವಾಗುತ್ತದೆ, ಬಾಟಲಿ ಪರದೆಯ ಮೇಲೆ ಬರುತ್ತದೆ, ಜಾಹೀರಾತು ಮುಗಿಯುತ್ತದೆ.

2022ರ ಜೂನ್ ಮೊದಲ ವಾರ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳು ಟೆಸ್ಟ್ ಆಡುತ್ತಿದ್ದಾಗ ನಮ್ಮ ಟಿವಿಗಳಲ್ಲಿ ಕಾಣಿಸಿಕೊಂಡ ಲೇಯರ್ ಶಾಟ್ ಬಾಡಿ ಸ್ಪ್ರೇಯ ಜಾಹೀರಾತು ಇದು. ಇದರ ಜೊತೆಗೆ ಇನ್ನೊಂದಿತ್ತು. ಅದರಲ್ಲಿ ಕೋಣೆಯಲ್ಲಿ ಒಂದು ಜೋಡಿ. ಹುಡುಗನ ಗೆಳೆಯರು ಬಾಗಿಲು ದೂಡಿಕೊಂಡು ಒಳನುಗ್ಗುತ್ತಾರೆ. ಶಾಟ್ ಹೊಡೆದ ಹಾಗಿದೆ ಎನ್ನುತ್ತಾರೆ, ಅವನು ಹೌದೆನ್ನುತ್ತಾನೆ, ಹಾಗಾದರೆ ಈಗ ನಮ್ಮ ಸರದಿ ಎನ್ನುತ್ತ ಒಬ್ಬ ಮುಂದೆ ಬರುತ್ತಾನೆ. ಹಾಸಿಗೆಯ ಮೇಲೆ ಕೂತ ಹುಡುಗಿ ಹೌಹಾರುತ್ತಾಳೆ. ಅವನು ಕೈ ಚಾಚುವುದು ಪಕ್ಕದಲ್ಲಿದ್ದ ಸ್ಪ್ರೇ ಬಾಟಲಿಗೆ.

ಜೂನ್ 4ರಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಈ ವಿಡಿಯೋಗಳನ್ನು ತೆಗೆಯುವಂತೆ ಟ್ವಿಟರ್ ಮತ್ತು ಯೂಟ್ಯೂಬ್‌ಗೆ ಬರೆಯಿತು. ಜಾಹೀರಾತು ಉದ್ಯಮ ತಾನೇ 1985ರಲ್ಲಿ ಕಟ್ಟಿಕೊಂಡ ಮಾನದಂಡ ಮಂಡಳಿ, ಅಂದರೆ ಆಸ್ಕಿ, ವಿಚಾರಣೆಗೂ ಮೊದಲೇ ಪ್ರಸಾರ ನಿಲ್ಲಿಸಲು ಹೇಳಿತು. ಕಂಪನಿ ಕ್ಷಮೆ ಕೇಳಿತು. ಅಲ್ಲಿಗೆ ಸುದ್ದಿಯೂ ತಣ್ಣಗಾಯಿತು. ಆದರೆ ಅದು ಹೇಗೆ ಹೆಣೆದ ಜೋಕು ಎಂಬುದನ್ನು ಯಾರಾದರೂ ಕೂತು ಬಿಚ್ಚಿ ನೋಡಬೇಕು ಎಂದು ನನಗೆ ಆಗಿನಿಂದಲೂ ಅನಿಸುತ್ತಿದೆ. ಕೆಟ್ಟ ಅಭಿರುಚಿ ಎಂದು ಬದಿಗಿಟ್ಟುಬಿಟ್ಟರೆ ಅದರ ಕಸುಬು ನಮಗೆ ಅರ್ಥವಾಗುವುದೇ ಇಲ್ಲ.

ಎರಡು ಅರ್ಥ ಬರುವ ಮಾತಾಡಿ ನಗಿಸುವುದು ಹಳೆಯ ವಿದ್ಯೆ. ಶ್ಲೇಷೆ ಕನ್ನಡಿಗರಿಗೆ ಎಷ್ಟು ಪ್ರೀತಿಯದು ಎಂಬುದಕ್ಕೆ ಕೈಲಾಸಂ ಒಬ್ಬರ ಹೆಸರು ಸಾಕು. ಶ್ಲೇಷೆಗೆ ಒಂದು ನಿಯಮವಿದೆ. ಎರಡು ಅರ್ಥಗಳೂ ಕೇಳುವವನ ಮನಸ್ಸಿನಲ್ಲಿ ಜೀವಂತವಾಗಿರಬೇಕು. ಮೊದಲ ಅರ್ಥ ಗಟ್ಟಿಯಾಗಿ ಕೂರದಿದ್ದರೆ ಎರಡನೆಯದು ಬಂದಾಗ ನಗು ಬರುವುದಿಲ್ಲ. ಈ ಜಾಹೀರಾತಿನಲ್ಲಿ ಗಟ್ಟಿಯಾಗಿ ಕೂರಬೇಕಾದ ಮೊದಲ ಅರ್ಥ ಏನು? ನಾಲ್ವರು ಗಂಡಸರು ಸೇರಿ ಒಬ್ಬ ಹುಡುಗಿಯ ಮೇಲೆ ಎರಗುತ್ತಾರೆ ಎಂಬುದು. ಅದನ್ನು ನೋಡುಗನ ಮನಸ್ಸಿನಲ್ಲಿ ಕೂರಿಸಲೆಂದೇ ಸಂಭಾಷಣೆ ಬರೆಯಲಾಗಿದೆ, ನಟಿಗೆ ಹೆದರುವಂತೆ ಹೇಳಿಕೊಡಲಾಗಿದೆ, ಕ್ಯಾಮೆರಾ ಇಡಲಾಗಿದೆ. ಹೆಂಗಸರು ಯಾವುದಕ್ಕೆ ಹೆದರುತ್ತಾರೆ ಎಂಬುದು ಇದನ್ನು ಮಾಡಿದವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಸ್ ನಿಲ್ದಾಣದಲ್ಲಿ, ಲಿಫ್ಟಿನಲ್ಲಿ, ಸಂಜೆ ಖಾಲಿಯಾದ ಓಣಿಯಲ್ಲಿ ಹಿಂದಿನಿಂದ ನಾಲ್ಕು ದನಿ ಕೇಳಿದರೆ ಬೆನ್ನು ಹೇಗೆ ಬಿಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಬಿಗಿತವೇ ಅವರ ಕಚ್ಚಾವಸ್ತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದರ ಕೊನೆ. ಹುಡುಗಿಯ ಮುಖ ಸಡಿಲವಾಗುವ ಆ ಗಳಿಗೆ. ಓ, ನಾನೇ ತಪ್ಪು ತಿಳಿದೆ ಎಂದು ಅವಳು ಒಪ್ಪಿಕೊಂಡಂತೆ ಅದು ಕಾಣುತ್ತದೆ. ಹಾಗಾಗಿ ಇಡೀ ಕತೆಯಲ್ಲಿ ತಪ್ಪು ಮಾಡಿದವಳು ಅವಳೊಬ್ಬಳೇ! ನಾಲ್ವರು ಯುವಕರು ಪಾಪ, ಬಾಟಲಿ ಕೊಳ್ಳಲು ಬಂದವರು. ಹೆಂಗಸರು ಸುಮ್ಮಸುಮ್ಮನೆ ಅನುಮಾನಪಡುತ್ತಾರೆ, ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಾರೆ ಎಂಬ ಹಳೆಯ ದೂರನ್ನೇ ಅರ್ಧ ನಿಮಿಷದ ನಾಟಕ ಮಾಡಿ ತೋರಿಸಿದ ಹಾಗಾಯಿತು. ಪೊಲೀಸ್ ಠಾಣೆಯ ಮೆಟ್ಟಿಲಿನಿಂದ ಹಿಡಿದು ಆಫೀಸಿನ ದೂರು ಸಮಿತಿಯವರೆಗೆ ಹೆಣ್ಣುಮಕ್ಕಳು ಎದುರಿಸುವ ಮೊದಲ ಪ್ರಶ್ನೆಯೂ ಇದೇ ತಾನೆ: ನೀನು ತಪ್ಪು ತಿಳಿದುಕೊಂಡಿರಬಹುದಲ್ಲವಾ?

ಕಂಪನಿಯ ಕ್ಷಮಾಪಣೆಯೂ ಇದೇ ದಾರಿ ಹಿಡಿಯಿತು. ಅಗತ್ಯವಾದ ಅನುಮತಿಗಳನ್ನೆಲ್ಲ ಪಡೆದೇ ಪ್ರಸಾರ ಮಾಡಿದ್ದೇವೆ, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲ, ಕೆಲವರು ತಪ್ಪಾಗಿ ಭಾವಿಸಿದಂಥದ್ದನ್ನು ನಾವು ಹೇಳಹೊರಟಿರಲಿಲ್ಲ ಎಂಬುದು ಅದರ ತಾತ್ಪರ್ಯ. ಜಾಹೀರಾತಿನೊಳಗೆ ತಪ್ಪು ತಿಳಿದವಳು ಆ ಹುಡುಗಿ, ಹೊರಗೆ ತಪ್ಪು ತಿಳಿದವರು ನೋಡಿದ ಹೆಂಗಸರು. ಹಾಗೆ ತಿಳಿಯಲೆಂದೇ ಬರೆದ ಸಂಭಾಷಣೆಯನ್ನು ಹಾಗೆಯೇ ತಿಳಿದವರನ್ನು ತಪ್ಪಿತಸ್ಥರನ್ನಾಗಿ ಮಾಡುವುದು ಅನ್ಯಾಯ. ಅನುಮತಿ ಸಿಕ್ಕಿತ್ತು ಎಂಬ ಮಾತು ಇನ್ನೂ ಹೆದರಿಸುತ್ತದೆ. ಒಂದು ಜಾಹೀರಾತು ಬರೆಯುವವರು, ಕಂಪನಿಯ ಮಾರ್ಕೆಟಿಂಗ್‌ನವರು, ನಿರ್ದೇಶಕ, ಎಡಿಟರ್, ಚಾನೆಲ್ ಎಂದು ಎಷ್ಟು ಕೈ ದಾಟಿ ನಮ್ಮ ಮನೆಗೆ ಬರುತ್ತದೆ! ದಾರಿಯಲ್ಲಿ ಒಬ್ಬರಾದರೂ ಬೇಡ ಎಂದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು.

ಈ ಜೋಕನ್ನು ಕನ್ನಡದಲ್ಲಿ ಹೇಳಿನೋಡಲು ನಾನು ಪ್ರಯತ್ನಪಟ್ಟೆ. ಆಗಲಿಲ್ಲ. ನಮ್ಮ ಭಾಷೆ ಎಣಿಸುವಾಗಲೇ ಮನುಷ್ಯರನ್ನೂ ವಸ್ತುಗಳನ್ನೂ ಬೇರೆ ಮಾಡುತ್ತದೆ. ಬಾಟಲಿ ಒಂದು, ಹುಡುಗಿ ಒಬ್ಬಳು. ಇಲ್ಲಿರೋದು ಒಂದೇ ಎಂದರೆ ಬಾಟಲಿ, ಇಲ್ಲಿರೋಳು ಒಬ್ಬಳೇ ಎಂದರೆ ಹುಡುಗಿ. ಹಿಂದಿಯಲ್ಲಿ ಎರಡಕ್ಕೂ ‘ಏಕ್’ ನಡೆಯುತ್ತದೆ, ಆ ಸಂದಿಯಲ್ಲಿ ಜೋಕು ನುಸುಳಿದೆ. ಕನ್ನಡದಲ್ಲಿ ಅದನ್ನು ಹೇಳಬೇಕಾದರೆ ಹುಡುಗಿಯನ್ನು ಬಾಯಿಬಿಟ್ಟು ಒಂದು ಎನ್ನಬೇಕು. ಹೇಳುವವನ ಬಾಯಲ್ಲೇ ಅದರ ಬಣ್ಣ ಬಯಲಾಗುತ್ತದೆ. ಹಾಗೆಂದು ಕನ್ನಡಕ್ಕೆ ನಾನು ಹಿರಿಮೆ ಕಟ್ಟುತ್ತಿಲ್ಲ. ಹುಡುಗಿ ಬಂತು ಎಂದು ಅಕ್ಕರೆಯಿಂದ ಹೇಳುವ ರೂಢಿ ನಮ್ಮಲ್ಲಿದೆ, ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ನಪುಂಸಕದಲ್ಲೇ ಹೇಳುತ್ತಾರೆ, ಅದರಲ್ಲಿ ಅವಮಾನವಿಲ್ಲ. ಪೀಸು, ಫಿಗರು ಎಂಬ ಬೀದಿಮಾತುಗಳೂ ನಮ್ಮವೇ, ಅವುಗಳಲ್ಲಿ ಅವಮಾನವಲ್ಲದೆ ಬೇರೇನೂ ಇಲ್ಲ. ಆದರೂ ಈ ಅನುವಾದದ ಕಷ್ಟ ನನಗೊಂದು ವಿಷಯ ತೋರಿಸಿಕೊಟ್ಟಿತು. ಹೆಣ್ಣನ್ನೂ ಸರಕನ್ನೂ ಒಂದೇ ಪದದೊಳಗೆ ತೂರಿಸುವುದೇ ಈ ಬಗೆಯ ಹಾಸ್ಯದ ಮೂಲ ಕೆಲಸ. ಉಳಿದದ್ದೆಲ್ಲ ಅಲಂಕಾರ.

ನಮ್ಮ ಬೆಂಗಳೂರಿನಿಂದಲೇ ಒಂದು ಉದಾಹರಣೆ ಇದೆ. 2016ರಲ್ಲಿ ಓಲಾ ತನ್ನ ಮೈಕ್ರೋ ಕ್ಯಾಬಿಗಾಗಿ ಒಂದು ವಿಡಿಯೋ ಮಾಡಿತು. ಗೆಳೆಯನ ಜೊತೆ ನಡೆಯುತ್ತಿರುವ ಗೆಳತಿಗೆ ದಾರಿಯ ಅಂಗಡಿಗಳಲ್ಲೆಲ್ಲ ಏನೋ ಬೇಕು. ಗೆಳೆಯ ಲೆಕ್ಕ ಹಾಕುತ್ತಾನೆ. ನನ್ನ ಗೆಳತಿ ಕಿಲೋಮೀಟರಿಗೆ 525 ರೂಪಾಯಿಯಂತೆ ಓಡುತ್ತಾಳೆ, ಓಲಾ ಮೈಕ್ರೋ ಬರೀ 6 ರೂಪಾಯಿಗೆ ಓಡುತ್ತದೆ ಎಂಬುದು ಅವನ ಮಾತಿನ ಸಾರ. ಇಲ್ಲಿಯೂ ನೋಡಿ, ಓಡುತ್ತಾಳೆ, ಓಡುತ್ತದೆ ಎಂದು ಕನ್ನಡ ಎರಡು ಕ್ರಿಯಾರೂಪ ಬಳಸುತ್ತದೆ. ಹಿಂದಿಯ ‘ಚಲ್ತೀ ಹೈ’ ಗೆಳತಿಗೂ ಗಾಡಿಗೂ ಒಂದೇ. ಜನ ಸಿಟ್ಟಾದರು, ಓಲಾ ವಿಡಿಯೋ ಹಿಂತೆಗೆದುಕೊಂಡಿತು. ಶಾಟ್‌ನ ಮುಂದೆ ಇದು ಸಣ್ಣ ತಮಾಷೆಯಂತೆ ಕಾಣುತ್ತದೆ, ಇದರಲ್ಲಿ ಯಾರನ್ನೂ ಹೆದರಿಸಿಲ್ಲ. ನನ್ನ ತಕರಾರು ಬೇರೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಲು ಕ್ಯಾಬ್ ಹಿಡಿಯುವ, ತಮ್ಮ ಸಂಬಳದಿಂದ ಬಾಡಿಗೆ ಕೊಡುವ ಹೆಂಗಸರು ಎಷ್ಟು ಸಾವಿರ ಮಂದಿ! ಅವರ ದುಡ್ಡಿನಿಂದ ನಡೆಯುವ ವ್ಯಾಪಾರ ಅವರನ್ನೇ ಗಂಡಸಿನ ಜೇಬಿಗೆ ಹತ್ತಿದ ಖರ್ಚು ಎಂದು ತೋರಿಸಿತು. ಗಿರಾಕಿ ಯಾರು ಎಂಬುದನ್ನೇ ಮರೆತ ಜಾಹೀರಾತು ವ್ಯಾಪಾರದ ಲೆಕ್ಕದಲ್ಲೂ ಸೋತಂತೆಯೇ.

ಮಹಿಳಾ ದಿನದ ಜಾಹೀರಾತುಗಳದ್ದೂ ಇದೇ ಮರೆವು. 2021ರ ಮಾರ್ಚ್ 8ರಂದು ಬರ್ಗರ್ ಕಿಂಗ್‌ನ ಬ್ರಿಟನ್ ಶಾಖೆ ಹೆಂಗಸರ ಜಾಗ ಅಡುಗೆಮನೆ ಎಂದು ಟ್ವೀಟ್ ಮಾಡಿತು. ರೆಸ್ಟೋರೆಂಟ್ ಉದ್ಯಮದಲ್ಲಿ ಮಹಿಳಾ ಬಾಣಸಿಗರು ಕಡಿಮೆ ಎಂದು ಮುಂದಿನ ಟ್ವೀಟ್‌ಗಳಲ್ಲಿ ಹೇಳಿತು. ಮೊದಲು ಹೊಡೆದು ಆಮೇಲೆ ವಿವರಿಸುವ ತಂತ್ರ ಅದು, ಕೊನೆಗೆ ಅಳಿಸಿ ಕ್ಷಮೆ ಕೇಳಬೇಕಾಯಿತು. ಮರುವರ್ಷ ಅದೇ ದಿನ ಬೆಂಗಳೂರಿನ ಫ್ಲಿಪ್‌ಕಾರ್ಟ್ ನಿಮ್ಮನ್ನು ಸಂಭ್ರಮಿಸೋಣ ಎಂದು ಗ್ರಾಹಕರಿಗೆ ಸಂದೇಶ ಕಳಿಸಿ, 299 ರೂಪಾಯಿಯಿಂದ ಅಡುಗೆಮನೆ ಉಪಕರಣ ಕೊಳ್ಳಿ ಎಂದಿತು. ಅದು ತಮಾಷೆಯಾಗಿರಲಿಲ್ಲ, ಅಭ್ಯಾಸಬಲ. ಕಂಪನಿ ತಪ್ಪೊಪ್ಪಿಕೊಂಡಿತು.

ನಾನು ಕಂಡವುಗಳಲ್ಲಿ ಅತ್ಯಂತ ಕ್ರೂರವಾದದ್ದು ಒಂದು ಕಾರಿನ ಪೋಸ್ಟರು. 2013ರ ಮಾರ್ಚ್‌ನಲ್ಲಿ ಫೋರ್ಡ್ ಫಿಗೋ ಕಾರಿನ ಹೆಸರಿನಲ್ಲಿ ಜೆಡಬ್ಲ್ಯುಟಿ ಇಂಡಿಯಾ ಏಜೆನ್ಸಿಯವರು ಮಾಡಿದ ವ್ಯಂಗ್ಯಚಿತ್ರಗಳು ಇಂಟರ್ನೆಟ್‌ಗೆ ಬಂದವು. ಮುಂದಿನ ಸೀಟಿನಲ್ಲಿ ಇಟಲಿಯ ಮಾಜಿ ಪ್ರಧಾನಿ ಬೆರ್ಲುಸ್ಕೋನಿ ಎರಡು ಬೆರಳು ತೋರಿಸಿ ನಗುತ್ತಿದ್ದಾನೆ, ಹಿಂದೆ ಡಿಕ್ಕಿಯಲ್ಲಿ ಅರೆಬಟ್ಟೆಯ ಹೆಂಗಸರು ಕೈಕಾಲು ಕಟ್ಟಿ, ಬಾಯಿ ಬಿಗಿದ ಸ್ಥಿತಿಯಲ್ಲಿ ಬಿದ್ದಿದ್ದಾರೆ. ನಿಮ್ಮ ಚಿಂತೆಗಳನ್ನು ಹಿಂದೆ ಬಿಡಿ, ಫಿಗೋದ ಡಿಕ್ಕಿ ಅಷ್ಟು ದೊಡ್ಡದು ಎಂಬುದು ಅದರ ಘೋಷಣೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಚಲಿಸುವ ಬಸ್ಸಿನಲ್ಲಿ ನಡೆದದ್ದರ ಗಾಯ ಆಗಿನ್ನೂ ಹಸಿಯಾಗಿತ್ತು. ಅತ್ಯಾಚಾರ ವಿರೋಧಿ ತಿದ್ದುಪಡಿ ಮಸೂದೆಯನ್ನು ಸಂಸತ್ತು ಅಂಗೀಕರಿಸಿದ್ದೂ ಅದೇ ಮಾರ್ಚ್‌ನಲ್ಲಿ. ಇಡೀ ದೇಶ ಬೀದಿಗಿಳಿದು ಮಾತಾಡುತ್ತಿದ್ದ ದಿನಗಳಲ್ಲಿ, ಒಂದು ವಾಹನದೊಳಗೆ ಕಟ್ಟಿಹಾಕಿದ ಹೆಂಗಸರು ಯಾರಿಗೋ ನಗೆಯ ವಸ್ತುವಾಗಿ ತೋರಿದ್ದರು. ಆ ಪೋಸ್ಟರುಗಳು ಹಣ ಕೊಟ್ಟು ಪ್ರಕಟಿಸಿದವಲ್ಲ. ಜಾಹೀರಾತು ಪ್ರಶಸ್ತಿಗಳ ಪೈಪೋಟಿಗೆಂದು ಹೀಗೆ ಮಾಡುವುದನ್ನು ಆ ವೃತ್ತಿಯವರು ಸ್ಕ್ಯಾಮ್ ಆಡ್ ಎನ್ನುತ್ತಾರೆ. ಫೋರ್ಡ್ ಕ್ಷಮೆ ಕೇಳಿತು, ಏಜೆನ್ಸಿಯ ಹಿರಿಯರು ಕೆಲಸ ಬಿಟ್ಟರು. ಗಿರಾಕಿಗಳಿಗಾಗಿ ಮಾಡಿದ ಜೋಕಲ್ಲ ಅದು, ವೃತ್ತಿಯವರು ತಮ್ಮವರನ್ನೇ ಮೆಚ್ಚಿಸಲು ಮಾಡಿಕೊಂಡದ್ದು. ತಮ್ಮತಮ್ಮೊಳಗೆ ಯಾವುದು ಜಾಣತನ, ಯಾವುದಕ್ಕೆ ಚಪ್ಪಾಳೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ.

ಇನ್ನು ನಿಯಮಗಳ ಮಾತು. 1986ರಿಂದ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ ಇದೆ. 1994ರ ಕೇಬಲ್ ಟಿವಿ ನಿಯಮಗಳು ಹೆಣ್ಣನ್ನು ಕೀಳಾಗಿ ಬಿಂಬಿಸುವ ಜಾಹೀರಾತು ಕೂಡದು, ಅವಳು ತಗ್ಗಿಬಗ್ಗಿ ನಡೆಯುವವಳು ಎಂಬುದನ್ನೇ ಎತ್ತಿ ತೋರಿಸಕೂಡದು ಎನ್ನುತ್ತವೆ. ಒಳ್ಳೆಯ ಮಾತು. ಆದರೆ ಆಚರಣೆಯಲ್ಲಿ ಸರಕಾರದ ಕಣ್ಣು ಎಲ್ಲಿಗೆ ಹೋಗಿದೆ? 2007ರಲ್ಲಿ ಅಮೂಲ್ ಮಾಚೋ ಒಳಉಡುಪಿನ ಜಾಹೀರಾತನ್ನು ನಿಷೇಧಿಸಲಾಯಿತು. ಹಾಲಿನ ಅಮೂಲ್‌ಗೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ಹೊಸ ಮದುವಣಗಿತ್ತಿ ನೀರಿನ ದಡದಲ್ಲಿ ಗಂಡನ ಒಳಚಡ್ಡಿ ಒಗೆಯುತ್ತ ತನ್ನ ಪಾಡಿಗೆ ಏನೇನೋ ನೆನೆದು ಮುಖ ಅರಳಿಸುತ್ತಾಳೆ, ಸುತ್ತಲಿನ ಹೆಂಗಸರು ದಂಗಾಗಿ ನೋಡುತ್ತಾರೆ. ಅದು ಒರಟು ಜಾಹೀರಾತು, ನನಗೇನೂ ಹಿಡಿಸಿದ್ದಲ್ಲ. ಆದರೂ ಅದರಲ್ಲಿ ಸುಖಪಟ್ಟವಳು ಆ ಹೆಣ್ಣು, ಯಾರೂ ಅವಳನ್ನು ಹೆದರಿಸಿರಲಿಲ್ಲ, ಅವಳಿಗೆ ಬೆಲೆಚೀಟಿ ಅಂಟಿಸಿರಲಿಲ್ಲ. 2011ರ ಮೇ ತಿಂಗಳಲ್ಲಿ ಡಿಯೋಡರೆಂಟ್ ಜಾಹೀರಾತುಗಳ ಸರದಿ ಬಂತು. ಆಗಲೂ ದೂರು ಅಶ್ಲೀಲತೆಯದೇ. ಎಷ್ಟು ಮೈ ಕಂಡಿತು, ಎಷ್ಟು ಸೂಚನೆಯಿತ್ತು ಎಂದು ಅಳೆಯುವ ಗಜಕಡ್ಡಿ ನಮ್ಮಲ್ಲಿದೆ. ಶಾಟ್‌ನ ಹುಡುಗಿ ಮೈತುಂಬ ಬಟ್ಟೆ ಹಾಕಿಕೊಂಡಿದ್ದರೂ, ಕ್ಯಾಮೆರಾ ಅವಳ ಮೈಯನ್ನು ಒಮ್ಮೆಯೂ ನೋಡದಿದ್ದರೂ, ಆ ಸಂಭಾಷಣೆಯ ವಿಷ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಅಶ್ಲೀಲವೇ ಎಂಬ ಪ್ರಶ್ನೆಗೆ ಅದು ಸಿಕ್ಕುವುದಿಲ್ಲ, ಅವಮಾನವೇ ಎಂದು ಕೇಳಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ಲಿಂಗದ ಆಧಾರದ ಅವಮಾನ ಎಂಬ ಮಾತು ಬಂದಿದೆ. ಶಾಟ್ ಗಲಾಟೆಯ ಕೆಲವೇ ದಿನಗಳಲ್ಲಿ ಆಸ್ಕಿ ಹೊರತಂದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಗಂಡು ಹೆಣ್ಣಿನ ಸಿದ್ಧ ಅಚ್ಚಿಗೆ ಹೊಂದದವರನ್ನು ಹಾಸ್ಯದ ಸಂದರ್ಭದಲ್ಲೂ ಗೇಲಿ ಮಾಡಬಾರದು ಎಂದಿದೆ. ಹಾಸ್ಯ ಎಂಬ ಪದವನ್ನೇ ನಿಯಮದೊಳಗೆ ತಂದದ್ದು ನನಗೆ ಸಣ್ಣ ಸಂಗತಿ ಅನಿಸುವುದಿಲ್ಲ. ತಮಾಷೆಗೆ ಅಂದೆ ಎಂಬ ಹಿಂಬಾಗಿಲಿಗೆ ಅದು ಚಿಲಕ ಹಾಕುತ್ತದೆ.

ಹೆಂಗಸರೂ ನಗುತ್ತಾರಲ್ಲ, ಮತ್ತೇನು ತೊಂದರೆ ಎಂದು ಕೇಳುವವರಿದ್ದಾರೆ. ನಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಅತ್ತಿಗೆಯೂ ಮಿಕ್ಸಿ ಕೊಳ್ಳಲು ಹೋಗಿದ್ದೆವು. ಅಂಗಡಿಯ ಮುಂದೆ ಆಳೆತ್ತರದ ಫ್ಲೆಕ್ಸು: ಹೆಂಡತಿಯೊಬ್ಬಳನ್ನು ಬಿಟ್ಟು ಮನೆಯಲ್ಲಿರುವ ಹಳೆಯದನ್ನೆಲ್ಲ ತನ್ನಿ, ಹೊಸದು ಒಯ್ಯಿರಿ. ಅತ್ತಿಗೆ ಅದನ್ನು ಗಟ್ಟಿಯಾಗಿ ಓದಿದರು, ನಕ್ಕರು. “ಕೇಳಿ ನೋಡೇ, ಇಪ್ಪತ್ತೆರಡು ವರ್ಷ ಹಳೇದು, ಗ್ಯಾರಂಟಿ ಕಾರ್ಡಿಲ್ಲ, ತಗೋತಾರಾ ಅಂತ” ಎಂದರು. ಕೌಂಟರಿನಲ್ಲಿದ್ದವರೂ ನಕ್ಕರು. ನನಗೂ ನಗು ಬಂತು, ಆ ನಗು ಇವತ್ತಿಗೂ ಚುಚ್ಚುತ್ತದೆ. ಯಾರೋ ತಮ್ಮ ಮೇಲೆ ಎಸೆದದ್ದನ್ನು ತಾವೇ ಮೊದಲು ಎತ್ತಿಕೊಂಡು ಆಡಿಬಿಟ್ಟರೆ ಅಷ್ಟು ನೋಯುವುದಿಲ್ಲ ಎಂಬುದನ್ನು ನಮ್ಮ ಹೆಂಗಸರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅತ್ತಿಗೆ ಕಲಿತಿದ್ದರು. ಹಾಸ್ಯ ಸಂಜೆಗಳ ಸಭಾಂಗಣಗಳಲ್ಲಿ ಹೆಂಡತಿ ಜೋಕುಗಳಿಗೆ ಮುಂದಿನ ಸಾಲಿನಲ್ಲಿ ಕೂತು ನಗುವ ಹೆಂಗಸರಲ್ಲೂ ಈ ಕಲಿಕೆಯನ್ನು ನಾನು ಕಂಡಿದ್ದೇನೆ. ಆ ನಗುವನ್ನು ಒಪ್ಪಿಗೆಯ ಸಹಿ ಎಂದು ಓದುವುದು ತಪ್ಪು.

ಮಾತುಗಳೂ ನಮಗೆ ಮೋಸ ಮಾಡಿವೆ. ನಾಟ್ಯಶಾಸ್ತ್ರ ನಗುವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ಎಣಿಸುತ್ತದೆ. ಹಲ್ಲು ಕಂಡಿತೇ, ಕಣ್ಣಲ್ಲಿ ನೀರು ಬಂತೇ ಎಂದು ನಗುವವನ ಮೈಯನ್ನು ಅದು ನೋಡುತ್ತದೆ. ಯಾರನ್ನು ನೋಯಿಸಿ ನಕ್ಕರು ಎಂದು ನೋಡಿ ಹೆಸರಿಡುವುದು ನಮ್ಮ ಆಡುಮಾತು: ಗೇಲಿ, ಲೇವಡಿ, ಕುಚೋದ್ಯ, ಕುಹಕ. ಇಷ್ಟು ಸೂಕ್ಷ್ಮವಾದ ಭಾಷೆ ಬೀದಿಯಲ್ಲಿ ಹೆಣ್ಣುಮಕ್ಕಳ ಬೆನ್ನುಹತ್ತುವುದಕ್ಕೆ ಮಾತ್ರ ಚುಡಾಯಿಸುವುದು ಎಂಬ ಹಗುರ ಪದ ಕೊಟ್ಟಿದೆ. ಯುವತಿಯನ್ನು ಚುಡಾಯಿಸಿದವನ ಬಂಧನ ಎಂದು ಪತ್ರಿಕೆಗಳು ಬರೆಯುತ್ತವೆ. ಚುಡಾಯಿಸುವುದೆಂದರೆ ನಾದಿನಿ ಮೈದುನರು ಮದುವೆ ಮನೆಯಲ್ಲಿ ಮಾಡುವುದು. ಅಪರಾಧಕ್ಕೆ ಆ ಪದ ಕೊಟ್ಟಾಗಲೇ ಅದು ಅರ್ಧ ತಮಾಷೆಯಾಗಿಬಿಟ್ಟಿತು. ಜಾಹೀರಾತಿನವರು ಉಳಿದರ್ಧ ಮುಗಿಸಿದರು.

ಹೆಣ್ಣು ಬಂದಲ್ಲಿ ಹಾಸ್ಯವೇ ಕೂಡದು ಎಂದರೆ ನಾನು ಮೊದಲು ಜಗಳವಾಡುತ್ತೇನೆ. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಬರೆದ ಟಿ. ಸುನಂದಮ್ಮ ಅಡುಗೆಮನೆ, ನೆಂಟರು, ಗಂಡ, ನೆರೆಮನೆಯವರು ಎಲ್ಲವನ್ನೂ ನಗೆಯಾಗಿಸಿದರು. ಹೆಂಗಸಿನ ಕಣ್ಣಿನಿಂದ ನೋಡಿ ಬರೆದ ನಗೆ ಅದು. ಅದನ್ನು ಓದಿ ನಕ್ಕ ಹೆಂಗಸಿಗೆ ತನ್ನನ್ನು ಯಾರೋ ಗುರುತಿಸಿದರು ಅನಿಸುತ್ತದೆ. ಜಾಹೀರಾತಿನಲ್ಲೂ ಇದು ಸಾಧ್ಯವಿದೆ. 1994ರಲ್ಲಿ ಕ್ಯಾಡ್‌ಬರಿ ಡೈರಿ ಮಿಲ್ಕ್‌ಗೆ ಒಗಿಲ್ವಿ ಮಾಡಿದ ಜಾಹೀರಾತು ನಮ್ಮಲ್ಲಿ ಹಲವರಿಗೆ ನೆನಪಿದೆ. ಹುಡುಗ ಸಿಕ್ಸರ್ ಬಾರಿಸುತ್ತಾನೆ, ಗೆಳತಿ ಕಾವಲುಗಾರನ ಕೈತಪ್ಪಿಸಿ ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. ಹೇಗೆ ಕುಣಿಯಬೇಕು ಎಂದು ಯಾರೂ ಹೇಳಿಕೊಡದ ಕುಣಿತ ಅದು. 2021ರಲ್ಲಿ ಅದನ್ನೇ ತಿರುಗಿಸಿದರು. ಬ್ಯಾಟ್ ಹಿಡಿದವಳು ಹುಡುಗಿ, ಕಾವಲಿನ ಕೈತಪ್ಪಿಸಿ ಓಡಿಬಂದು ಕುಣಿದವನು ಹುಡುಗ. ಹಾಡು ಅದೇ. ಎರಡರಲ್ಲೂ ನಗು ಬರುವುದು ಒಬ್ಬರ ಗೆಲುವಿಗೆ ಇನ್ನೊಬ್ಬರು ಮೈಮರೆತದ್ದಕ್ಕೆ. ಅದೇ ವರ್ಷ ಕ್ರೆಡ್ ಜಾಹೀರಾತಿನಲ್ಲಿ ನಮ್ಮ ರಾಹುಲ್ ದ್ರಾವಿಡ್ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೆಂಡಾಮಂಡಲವಾಗಿ, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿ, ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಒಡೆದಾಗ ಇಡೀ ದೇಶ ನಕ್ಕಿತು. ಅವರ ತಾಳ್ಮೆ ಎಲ್ಲರಿಗೂ ಗೊತ್ತಿದ್ದರಿಂದ ಬಂದ ನಗು ಅದು. ಅದರಲ್ಲಿ ಯಾರ ಭಯವೂ ಬೇಕಾಗಿರಲಿಲ್ಲ.

ಶಾಟ್ ಬರೆದವರ ಮುಂದೆಯೂ ಇಂಥದೊಂದು ದಾರಿ ತೆರೆದೇ ಇತ್ತು. ಅದೇ ಅಂಗಡಿ, ಅದೇ ಕಪಾಟು, ಅದೇ ನಾಲ್ವರು, ಉಳಿದದ್ದು ಒಂದೇ ಬಾಟಲಿ. ಯಾರು ತಗೊಳ್ಳೋದು ಎಂದು ಅವರು ತಮ್ಮೊಳಗೆ ವಾದಿಸುತ್ತಿರುತ್ತಾರೆ, ಒಬ್ಬ ನಾಣ್ಯ ಚಿಮ್ಮಿಸುತ್ತಾನೆ, ಇನ್ನೊಬ್ಬ ಹಿರಿತನದ ಹಕ್ಕು ತೆಗೆಯುತ್ತಾನೆ. ಪಕ್ಕದಲ್ಲಿ ಸಾಮಾನು ನೋಡುತ್ತಿದ್ದ ಹುಡುಗಿ ಕೈಚಾಚಿ ಆ ಬಾಟಲಿಯನ್ನು ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ನಾಲ್ವರು ತಿರುಗಿ ನೋಡುವಷ್ಟರಲ್ಲಿ ಅವಳು ಬಿಲ್ ಕೌಂಟರಿನಲ್ಲಿ ನಿಂತಿದ್ದಾಳೆ, ಚಿಲ್ಲರೆ ಎಣಿಸುತ್ತ.